ಪದ್ಮಿನಿಯ ಪ್ಲಗ್ ತೂತಿಗೆ ಹೊಸ ಥ್ರೆಡ್: ಹಳೆ ಕಾರಿನ ಎಂಜಿನ್‌ನಲ್ಲಿ ಸ್ಲಿಪ್ ಆದ ಥ್ರೆಡ್ ಸರಿಪಡಿಸುವ ಬಗೆ

ಸ್ಪಾರ್ಕ್ ಪ್ಲಗ್ ಬಿಗಿ ಮಾಡುವಾಗ ಪಾನಾ ಮೆಲ್ಲಗೆ ಗಟ್ಟಿಯಾಗುತ್ತಾ ಬರಬೇಕು. ಹಾಗೆ ಗಟ್ಟಿಯಾಗುತ್ತಿದ್ದದ್ದು ಇದ್ದಕ್ಕಿದ್ದಂತೆ ಸಲೀಸಾಗಿ ತಿರುಗತೊಡಗಿದರೆ ಥ್ರೆಡ್ (ತೂತಿನೊಳಗಿನ ಸ್ಕ್ರೂ ಸುತ್ತು) ಹೋಯಿತು ಎಂದೇ ಅರ್ಥ. ಆ ಕ್ಷಣದಲ್ಲಿ ಮಾಡಬೇಕಾದ ಮೊದಲ ಕೆಲಸ ಪಾನಾ ಕೆಳಗಿಡುವುದು. ಇನ್ನೊಂದು ಸುತ್ತು ಹಾಕಿದರೆ ಹಿಡಿದೀತು ಎಂಬ ಆಸೆಯಲ್ಲಿ ತಿರುಗಿಸಿದರೆ ಉಳಿದ ಎರಡು ಮೂರು ಥ್ರೆಡ್ಡೂ ಪ್ಲಗ್ಗಿಗೆ ಸುತ್ತಿಕೊಂಡು ಹೊರಗೆ ಬರುತ್ತವೆ.

ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರಿನ 1089 ಸಿಸಿ ಎಂಜಿನ್‌ನಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದ್ದು. ಥ್ರೆಡ್ ತಾಪತ್ರಯ ಬಹುಮಟ್ಟಿಗೆ ಈ ಹೆಡ್ಡಿನಲ್ಲೇ. ಅಂಬಾಸಡರ್‌ನ ಹಳೆಯ 1489 ಸಿಸಿ ಎಂಜಿನ್‌ನಲ್ಲಿ ಹೆಡ್ಡೂ ಕಬ್ಬಿಣ, ಬ್ಲಾಕೂ ಕಬ್ಬಿಣ. ಅಲ್ಲಿ ಥ್ರೆಡ್ ಕೆಡುವ ಕಾರಣವೇ ಬೇರೆ, ಅದನ್ನು ಕೊನೆಯಲ್ಲಿ ನೋಡೋಣ. ಈ ಲೇಖನದ ಹೆಚ್ಚು ಭಾಗ ಪದ್ಮಿನಿಯ ಪ್ಲಗ್ ತೂತಿಗೆ ಮೀಸಲು. ಅದನ್ನು ಸರಿಯಾಗಿ ಮಾಡಲು ಬಂದರೆ ಮಿಕ್ಕ ತೂತುಗಳು ಸುಲಭ.

ಕೆಟ್ಟದ್ದು ಯಾಕೆ ಎಂದು ಮೊದಲು ತಿಳಿಯಿರಿ

ಅಲ್ಯೂಮಿನಿಯಂ ಮೆದು, ಪ್ಲಗ್ಗಿನ ಮೈ ಉಕ್ಕು. ಜಗಳವಾದಾಗ ಸೋಲುವುದು ಹೆಡ್ಡೇ. ಜೊತೆಗೆ ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ ಮತ್ತು ಇನ್ನಷ್ಟು ಮೆತ್ತಗಾಗುತ್ತದೆ. ಬಿಸಿ ಎಂಜಿನ್‌ನಿಂದ ಪ್ಲಗ್ ಬಿಚ್ಚುವ ಆತುರಕ್ಕೆ ಬಲಿಯಾದ ಹೆಡ್ಡುಗಳು ಲೆಕ್ಕವಿಲ್ಲದಷ್ಟು. ರಾತ್ರಿಯೆಲ್ಲ ತಣ್ಣಗಾದ ಮೇಲೆ ಬೆಳಿಗ್ಗೆ ಬಿಚ್ಚಿ.

ಎರಡನೆಯ ಕಾರಣ ಪ್ಲಗ್ಗಿನ ಉದ್ದ. 14 ಮಿಮೀ ಪ್ಲಗ್‌ಗಳಲ್ಲಿ ಥ್ರೆಡ್ ಭಾಗದ ಉದ್ದ ಸಾಮಾನ್ಯವಾಗಿ 12.7 ಮಿಮೀ ಅಥವಾ 19 ಮಿಮೀ. ಎರಡರ ವ್ಯಾಸವೂ ಪಿಚ್ಚೂ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ) ಒಂದೇ ಆದ್ದರಿಂದ ಯಾವುದು ಎಲ್ಲಿಗೆ ಬೇಕಾದರೂ ಏರುತ್ತದೆ. ಬೇಕಾದ್ದಕ್ಕಿಂತ ಉದ್ದದ ಪ್ಲಗ್ ಹಾಕಿದರೆ ಅದರ ತುದಿಯ ಥ್ರೆಡ್ ಉರಿಯುವ ಕೋಣೆಯೊಳಗೆ ಇಣುಕಿ ಇಂಗಾಲ ಕಟ್ಟಿಕೊಳ್ಳುತ್ತದೆ. ಬಿಚ್ಚುವಾಗ ಆ ಗಟ್ಟಿ ಇಂಗಾಲ ಅರದಂತೆ ಹೆಡ್ಡಿನ ಥ್ರೆಡ್ಡನ್ನು ಕೆರೆದುಕೊಂಡೇ ಹೊರಬರುತ್ತದೆ. ಗಿಡ್ಡ ಪ್ಲಗ್ ಹಾಕಿದರೆ ಖಾಲಿ ಉಳಿದ ಹೆಡ್ಡಿನ ಥ್ರೆಡ್ಡಿಗೇ ಇಂಗಾಲ ತುಂಬುತ್ತದೆ. ಮುಂದಿನ ಸಲ ಸರಿಯಾದ ಪ್ಲಗ್ ಹಾಕಲು ಹೋದವನಿಗೆ ಅದು ಅರ್ಧದಲ್ಲಿ ಬಿಗಿಯುತ್ತದೆ, ಅವನು ಬಲ ಹಾಕುತ್ತಾನೆ, ಕಥೆ ಮುಗಿಯುತ್ತದೆ. ಆದ್ದರಿಂದ ಹೊಸ ಪ್ಲಗ್ ಕೊಳ್ಳುವಾಗ ಹಳೆಯದನ್ನು ತೋರಿಸಿ ಅಂಥದ್ದೇ ಕೊಡಿ ಎನ್ನುವುದು ಸಾಲದು. ಹಳೆಯದೇ ತಪ್ಪು ಪ್ಲಗ್ ಆಗಿರಬಹುದು. ಮ್ಯಾನ್ಯುಯಲ್ ನೋಡಿ, ಇಲ್ಲವೇ ಹೆಡ್ ಬಿಚ್ಚಿದಾಗ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಮೂರನೆಯದು ಓರೆಯಾಗಿ ಏರಿಸುವುದು. ನಾಲ್ಕನೆಯದು ಪಾನಾದ ಹಿಡಿಗೆ ಪೈಪ್ ತೂರಿಸುವ ಅಭ್ಯಾಸ. ಲೆಕ್ಕ ಹಾಕಿ: ಅಲ್ಯೂಮಿನಿಯಂ ಹೆಡ್ಡಿನ 14 ಮಿಮೀ ಪ್ಲಗ್ಗಿಗೆ ಬೇಕಾದ ಟಾರ್ಕ್ (ತಿರುಚಿ ಬಿಗಿಯುವ ಬಲ) ಸುಮಾರು 25 ನ್ಯೂಟನ್ ಮೀಟರ್. 25 ಸೆಂಮೀ ಹಿಡಿಯ ತುದಿಯಲ್ಲಿ ಅದು ಸುಮಾರು 10 ಕೆಜಿ ಎಳೆತ, ಅಷ್ಟೆ. ಅರ್ಧ ಮೀಟರ್ ಪೈಪ್ ಹಾಕಿ ಮೈಭಾರ ಬಿಟ್ಟರೆ ಇದರ ಹಲವು ಪಟ್ಟು ಬೀಳುತ್ತದೆ.

ನಿಜಕ್ಕೂ ಹೋಗಿದೆಯೇ?

ಪ್ಲಗ್ ಏರುತ್ತಿಲ್ಲ ಎಂದ ಮಾತ್ರಕ್ಕೆ ಡ್ರಿಲ್ ಹಿಡಿಯಬೇಡಿ. ತೂತಿನ ಸುತ್ತ ಗಾಳಿ ಊದಿ ಸ್ವಚ್ಛ ಮಾಡಿ, ಟಾರ್ಚ್ ಬಿಟ್ಟು ನೋಡಿ. ಮೇಲಿನ ಒಂದೆರಡು ಥ್ರೆಡ್ ಮಾತ್ರ ಜಜ್ಜಿದ್ದು ಕೆಳಗಿನವು ಚೂಪಾಗಿ ಕಾಣುತ್ತಿದ್ದರೆ 14 × 1.25ರ (ವ್ಯಾಸ 14 ಮಿಮೀ, ಪಿಚ್ 1.25 ಮಿಮೀ) ಥ್ರೆಡ್ ಚೇಸರ್ ಸಾಕು. ಚೇಸರ್ ಮತ್ತು ಟ್ಯಾಪ್ ಒಂದೇ ಅಲ್ಲ. ಟ್ಯಾಪ್ ಹೊಸದಾಗಿ ಲೋಹ ಕತ್ತರಿಸುತ್ತದೆ, ಚೇಸರ್ ಇದ್ದ ಥ್ರೆಡ್ಡನ್ನು ನೇರ ಮಾಡುತ್ತದೆ. ಬಾಯಿಯೇ ಜಜ್ಜಿ ಹೋಗಿದ್ದರೆ ಒಳಗಿನಿಂದ ಹೊರಕ್ಕೆ ಬರುವ, ತೂತಿನೊಳಗೆ ಹೋದ ಮೇಲೆ ಅಗಲವಾಗುವ ಚೇಸರ್ ಸಿಗುತ್ತದೆ. ಕೆಳಗಿನ ಒಳ್ಳೆಯ ಥ್ರೆಡ್ಡನ್ನು ಹಿಡಿದುಕೊಂಡು ಮೇಲೆ ಬರುವುದರಿಂದ ಓರೆಯಾಗುವ ಭಯವಿಲ್ಲ.

ಚೇಸರ್ ಆಡಿಸಿದ ಮೇಲೆ ಹೊಸ ಪ್ಲಗ್ಗನ್ನು ಬರಿಗೈಯಲ್ಲಿ ಕೊನೆಯವರೆಗೆ ಏರಿಸಿ. ಅಲ್ಲಾಡದೆ ಕೂತು, ಟಾರ್ಕ್ ರೆಂಚ್‌ನಲ್ಲಿ 25 ನ್ಯೂಟನ್ ಮೀಟರ್ ತಡೆದರೆ ಕೆಲಸ ಮುಗಿಯಿತು. ತಡೆಯದಿದ್ದರೆ, ಅಥವಾ ಬಿಚ್ಚಿದ ಪ್ಲಗ್ಗಿನ ಥ್ರೆಡ್ ಸಂದಿಯಲ್ಲಿ ಬೆಳ್ಳಗಿನ ಅಲ್ಯೂಮಿನಿಯಂ ಸುರುಳಿ ಸಿಕ್ಕಿದ್ದರೆ, ಹೊಸ ಥ್ರೆಡ್ಡೇ ಗತಿ.

ಮಾಡಬಾರದ ಮೂರು ಕೆಲಸ: ಪ್ಲಗ್ಗಿಗೆ ಟೆಫ್ಲಾನ್ ಟೇಪ್ ಸುತ್ತುವುದು, ತೂತಿಗೆ ಎಂ-ಸೀಲ್ ಅಥವಾ ಅರಾಲ್ಡೈಟ್ ಮೆತ್ತುವುದು, ಹಳೆ ಪ್ಲಗ್ಗಿನ ಮೈಮೇಲೆ ಪಂಚ್ ಹೊಡೆದು ದಪ್ಪ ಮಾಡಿ ತುರುಕುವುದು. ಮೂರೂ ಬೀದಿ ರಿಪೇರಿಯಲ್ಲಿ ಕಾಣಸಿಗುತ್ತವೆ. ಪ್ಲಗ್ಗಿಗೆ ಬಿಸಿ ಹೊರಹಾಕುವ ಮುಖ್ಯ ದಾರಿ ಅದರ ಥ್ರೆಡ್ ಮತ್ತು ವಾಷರ್. ಆ ದಾರಿಗೆ ಅಂಟು ತುಂಬಿದರೆ ಪ್ಲಗ್ ಕೆಂಡವಾಗುತ್ತದೆ, ಎಂಜಿನ್ ನಾಕ್ ಮಾಡುತ್ತದೆ, ಒಂದು ದಿನ ಘಾಟ್ ಏರುವಾಗ ಪ್ಲಗ್ ಹಾರಿ ಬಾನೆಟ್ಟಿಗೆ ಬಡಿಯುತ್ತದೆ.

ಸುರುಳಿಯೋ, ಬುಷ್ಷೋ

ಹಾಳಾದ ತೂತನ್ನು ದೊಡ್ಡದು ಮಾಡಿ, ಅದರೊಳಗೆ ಉಕ್ಕಿನ ಹೊಸ ಥ್ರೆಡ್ ಕೂರಿಸಿ, ಮತ್ತೆ ಮೂಲ ಅಳತೆಗೇ ತರುವುದು ಸರಿಯಾದ ವಿಧಾನ. ಇದಕ್ಕೆ ಎರಡು ಬಗೆಯ ವಸ್ತು ಬರುತ್ತದೆ.

ಒಂದು, ಹೆಲಿಕಾಯಿಲ್ ಎಂದು ಎಲ್ಲರೂ ಕರೆಯುವ ಸ್ಟೇನ್‌ಲೆಸ್ ತಂತಿಯ ಸುರುಳಿ. ತಂತಿಯನ್ನು ಅಡ್ಡ ಕತ್ತರಿಸಿದರೆ ವಜ್ರಾಕೃತಿ ಕಾಣುತ್ತದೆ: ಹೊರಮೈ ತೂತಿನ ಥ್ರೆಡ್ಡಿಗೆ ಕೂರುತ್ತದೆ, ಒಳಮೈ ಬೋಲ್ಟಿಗೆ ಥ್ರೆಡ್ ಆಗುತ್ತದೆ. ಸುರುಳಿ ತೂತಿಗಿಂತ ಕೊಂಚ ದೊಡ್ಡದಿರುವುದರಿಂದ ಸ್ಪ್ರಿಂಗಿನಂತೆ ಒತ್ತಿಕೊಂಡು ತಾನೇ ನಿಲ್ಲುತ್ತದೆ. ಕಡಿಮೆ ಜಾಗ ಸಾಕು, ಅಗ್ಗ.

ಇನ್ನೊಂದು, ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಬುಷ್. ಕಿಟ್‌ನಲ್ಲಿ ಬರುವ ಬುಷ್‌ಗೆ ಮೇಲೆ ಒಂದು ಸಣ್ಣ ಅಂಚು ಇರುತ್ತದೆ, ಅದು ಬುಷ್ ಒಳಗಿಳಿಯದಂತೆ ತಡೆಯುತ್ತದೆ.

ಪ್ಲಗ್ ತೂತಿಗೆ ಬುಷ್ಷೇ ಒಳ್ಳೆಯದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಪ್ಲಗ್ಗನ್ನು ಪದೇ ಪದೇ ಬಿಚ್ಚುತ್ತೇವೆ. ಇಂಗಾಲ ಹಿಡಿದ ಪ್ಲಗ್ ಹೊರಬರುವಾಗ ಸುರುಳಿಯನ್ನೂ ಜೊತೆಗೆ ಬಿಚ್ಚಿ ತರುವ ಸಂಭವ ಹೆಚ್ಚು. ಸುರುಳಿ ಹಾಕಿದ ಪ್ಲಗ್ ತೂತು ವರ್ಷಗಟ್ಟಲೆ ಓಡಿದ್ದೂ ಉಂಟು, ಆದರೆ ಹೆಡ್ ಬಿಚ್ಚುವ ಶ್ರಮಪಟ್ಟ ಮೇಲೆ ಬುಷ್‌ನ ದುಡ್ಡು ಉಳಿಸುವುದರಲ್ಲಿ ಅರ್ಥವಿಲ್ಲ. ಮ್ಯಾನಿಫೋಲ್ಡ್, ಥರ್ಮೋಸ್ಟಾಟ್ ಹೌಸಿಂಗ್, ರಾಕರ್ ಕವರ್ ಇಂಥ ಕಡೆ ಸುರುಳಿ ಧಾರಾಳವಾಗಿ ಸಾಕು.

ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಷ್ ತಿರುಗಿಸಿ ಹಾಕಿಕೊಡುವವರೂ ಇದ್ದಾರೆ. ಹಿತ್ತಾಳೆ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ, ಹಿಂದೆ ಇದೇ ಪದ್ಧತಿ ಇತ್ತು. ಕೆಲಸಗಾರ ನಿಪುಣನಾದರೆ ಅಡ್ಡಿಯಿಲ್ಲ. ಆದರೆ ಅವನು ಹೊರ ಥ್ರೆಡ್ಡಿಗೆ ಎಷ್ಟು ಲೋಹ ಕೊರೆಯುತ್ತಾನೆ ಎಂದು ಮೊದಲೇ ಕೇಳಿ. 18 ಮಿಮೀ ದಾಟಿದರೆ ವಾಲ್ವ್ ಸೀಟಿಗೂ ತೂತಿಗೂ ನಡುವಿನ ಗೋಡೆ ತೆಳುವಾಗುತ್ತದೆ, ಮುಂದೆ ಅಲ್ಲಿಯೇ ಬಿರುಕು.

ಬೇಕಾಗುವ ಸಾಮಾನು

14 × 1.25ರ ಪ್ಲಗ್ ಬುಷ್ ಕಿಟ್ (ಡ್ರಿಲ್ ಅಥವಾ ರೀಮರ್, ಬಾಯಿ ಅಗಲಿಸುವ ಕಟರ್, ಟ್ಯಾಪ್, ಕೂರಿಸುವ ಸಾಧನ, ಬುಷ್), ಟ್ಯಾಪ್ ಹಿಡಿ, ವರ್ನಿಯರ್, ಥ್ರೆಡ್ ಗೇಜ್, ಮೂಲೆಮಟ್ಟ, ಸೀಮೆಎಣ್ಣೆ, ಬ್ರೇಕ್ ಕ್ಲೀನರ್, ಹೆಚ್ಚು ಶಾಖ ತಡೆಯುವ ಥ್ರೆಡ್ ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು), ಹೊಸ ಹೆಡ್ ಗ್ಯಾಸ್ಕೆಟ್, ಹೊಸ ಪ್ಲಗ್, ಟಾರ್ಕ್ ರೆಂಚ್. ಬೆಂಗಳೂರಿನವರಾದರೆ ಟ್ಯಾಪ್, ಡ್ರಿಲ್, ಗೇಜ್ ಎಸ್‌ಜೆಪಿ ರಸ್ತೆಯಲ್ಲಿ, ಗ್ಯಾಸ್ಕೆಟ್ ಜೆಸಿ ರಸ್ತೆಯಲ್ಲಿ ವಿಚಾರಿಸಿ. ಬುಷ್‌ನ ಉದ್ದ ನಿಮ್ಮ ಪ್ಲಗ್ಗಿನ ಉದ್ದಕ್ಕೆ ಹೊಂದಬೇಕು. ಕಿಟ್ ಕೊಳ್ಳುವ ಮೊದಲೇ ಅಳೆಯಿರಿ.

ಹೆಡ್ ಬಿಚ್ಚಿಯೇ ಮಾಡಿ

ಎಂಜಿನ್ ಮೇಲಿದ್ದಂತೆಯೇ ಪ್ಲಗ್ ತೂತು ಕೊರೆಯಬಹುದು, ಆ ದಾರಿಯನ್ನು ಮುಂದೆ ಹೇಳಿದೆ. ಆದರೆ ಪದ್ಮಿನಿಯದು ಬಿಚ್ಚಲು ಸರಳವಾದ ಹೆಡ್. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿರುವುದರಿಂದ ಟೈಮಿಂಗ್ ಚೈನ್ ಮುಟ್ಟಬೇಕಿಲ್ಲ. ಒಂದು ದಿನದ ಕೆಲಸಕ್ಕೆ ಹೆದರಿ ಸಿಲಿಂಡರಿನೊಳಗೆ ಲೋಹದ ಚೂರು ಬೀಳಿಸಿಕೊಳ್ಳುವುದು ಜಾಣತನವಲ್ಲ.

ಎಂಜಿನ್ ಪೂರ್ತಿ ತಣ್ಣಗಿರಲಿ. ನೀರು ಬಸಿದು, ಬ್ಯಾಟರಿ ತಂತಿ ಕಳಚಿ, ಕಾರ್ಬುರೇಟರ್, ಎಕ್ಸಾಸ್ಟ್, ಹೋಸ್‌ಗಳನ್ನು ಬಿಡಿಸಿ. ರಾಕರ್ ಶಾಫ್ಟ್ ತೆಗೆದ ಮೇಲೆ ಪುಷ್‌ರಾಡ್‌ಗಳನ್ನು ರಟ್ಟಿಗೆ ಎಂಟು ತೂತು ಮಾಡಿ, ನಂಬರ್ ಹಾಕಿ, ಅದೇ ಕ್ರಮದಲ್ಲಿ ಸಿಕ್ಕಿಸಿಡಿ. ಹೆಡ್ಡಿನ ಬಿಗಿ ಸಡಿಲಿಸುವುದು ಅಂಚಿನಿಂದ ಮಧ್ಯಕ್ಕೆ, ಒಂದೊಂದಕ್ಕೂ ಅರ್ಧರ್ಧ ಸುತ್ತು. ಒಂದೇ ಕಡೆ ಪೂರ್ತಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ.

ಕೊರೆಯುವ ಕ್ರಮ

1. ತೂತನ್ನು ನೆಟ್ಟಗೆ ನಿಲ್ಲಿಸಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದು. ಪ್ಲಗ್ ತೂತು ಹೆಡ್ಡಿನ ಮುಖಕ್ಕೆ ಲಂಬವಾಗಿದೆ ಎಂದು ಊಹಿಸಿ ಹೆಡ್ಡನ್ನು ಡ್ರಿಲ್ಲಿಂಗ್ ಮಷಿನ್ ಮೇಜಿನ ಮೇಲೆ ಮಲಗಿಸಿ ಕೊರೆದವರು ಮೊಟ್ಟೆಯಾಕಾರದ ತೂತು ಮಾಡಿಟ್ಟಿದ್ದಾರೆ. ಸುಲಭದ ಉಪಾಯ: ಒಂದು ಹಳೆ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ಉಕ್ಕಿನ ಮೈಗೆ ಲೇತ್‌ನಲ್ಲಿ ಒಂದಡಿ ಉದ್ದದ ನೇರ ಸರಳು ಬೆಸೆಸಿಕೊಳ್ಳಿ. ಅದನ್ನು ಪಕ್ಕದ ಕೆಡದ ಪ್ಲಗ್ ತೂತಿಗೆ ಏರಿಸಿ. ಸರಳು ನೆಟ್ಟಗಿದ್ದರೆ ತೂತೂ ನೆಟ್ಟಗಿದ್ದಂತೆ. ಹೆಡ್ಡಿನ ಕೆಳಗೆ ಪಟ್ಟಿ ಕೊಟ್ಟು, ಮೂಲೆಮಟ್ಟವನ್ನು ಎರಡು ದಿಕ್ಕಿನಿಂದ ಹಿಡಿದು ಸರಳನ್ನು ಸರಿಪಡಿಸಿ, ಕ್ಲಾಂಪ್ ಹಾಕಿ. ಆಮೇಲೆ ಹೆಡ್ಡನ್ನು ಓರೆ ಬದಲಾಗದಂತೆ ಸರಿಸಿ, ಕೆಟ್ಟ ತೂತನ್ನು ಸ್ಪಿಂಡಲ್ ಕೆಳಗೆ ತನ್ನಿ. ನಾಲ್ಕೂ ತೂತಿನ ಓರೆ ಒಂದೇ ಇದೆಯೇ ಎಂದು ಸರಳನ್ನು ಬೇರೆ ತೂತಿಗೂ ಹಾಕಿ ಒಮ್ಮೆ ನೋಡಿಕೊಳ್ಳಿ.

2. ನಡುವು ಹಿಡಿಯಿರಿ. ಚಕ್ಕಿಗೆ ಚೂಪು ಮೊನೆಯ ಸರಳು ಕಚ್ಚಿಸಿ ತೂತಿನ ಬಾಯಿಗೆ ಇಳಿಸಿ ನೋಡಿ. ಥ್ರೆಡ್ ಒಂದೇ ಕಡೆ ಹೆಚ್ಚು ಸವೆದಿದ್ದರೆ ಕಣ್ಣು ಮೋಸ ಹೋಗುತ್ತದೆ, ಆದ್ದರಿಂದ ಪ್ಲಗ್ ವಾಷರ್ ಕೂರುವ ದುಂಡು ಗುರುತನ್ನು ಆಧಾರ ಮಾಡಿಕೊಳ್ಳಿ.

3. ಕೊರೆಯಿರಿ. ಅಳತೆ ಕಿಟ್ ಹೇಳಿದ್ದೇ. ವೇಗ ನಿಮಿಷಕ್ಕೆ 300ರಿಂದ 400 ಸುತ್ತು. ಸೀಮೆಎಣ್ಣೆ ಹನಿಸುತ್ತಿರಿ. ಅಲ್ಯೂಮಿನಿಯಂ ಒಣಗಿದ್ದರೆ ಡ್ರಿಲ್ಲಿನ ಅಂಚಿಗೆ ಅಂಟಿಕೊಂಡು ತೂತನ್ನು ದೊಡ್ಡದು ಮಾಡುತ್ತದೆ. ಹಳೆ ತೂತಿಗೆ ಡ್ರಿಲ್ ಇಳಿಸುವಾಗ ಅದು ಕಚ್ಚಿಕೊಂಡು ಸ್ಕ್ರೂನಂತೆ ತಾನೇ ಒಳಗೆಳೆದುಕೊಳ್ಳಲು ನೋಡುತ್ತದೆ. ಹಿಡಿ ಬಿಗಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಿ. ಕೈ ಡ್ರಿಲ್ ಮಾತ್ರ ಬೇಡ.

4. ಬಾಯಿ ಅಗಲಿಸಿ. ಬುಷ್‌ನ ಅಂಚು ಕೂರುವಷ್ಟು ಮಾತ್ರ. ಇಲ್ಲಿ ಆಳ ಹೆಚ್ಚಾದರೆ ಬುಷ್ ಕೆಳಗಿಳಿದು, ಪ್ಲಗ್ ಅಷ್ಟೇ ಆಳಕ್ಕೆ ಒಳಗೆ ಹೋಗುತ್ತದೆ. ಸ್ವಲ್ಪ ಕೊರೆದು, ಬುಷ್ ಇಟ್ಟು ನೋಡಿ, ಮತ್ತೆ ಸ್ವಲ್ಪ.

5. ಟ್ಯಾಪ್ ಹಾಕಿ. ಹೆಡ್ಡನ್ನು ಕದಲಿಸಬೇಡಿ. ಮಷಿನ್ ಸ್ವಿಚ್ ಆಫ್ ಮಾಡಿ, ಅದರ ಕರೆಂಟ್ ಪ್ಲಗ್ ಕಿತ್ತು, ಟ್ಯಾಪನ್ನು ಅದೇ ಚಕ್ಕಿಗೆ ಕಚ್ಚಿಸಿ, ಚಕ್ಕನ್ನು ಕೈಯಲ್ಲೇ ತಿರುಗಿಸುತ್ತಾ ಮೊದಲ ಮೂರು ನಾಲ್ಕು ಸುತ್ತು ಇಳಿಸಿ. ಟ್ಯಾಪ್ ನೆಟ್ಟಗೆ ಹಿಡಿದ ಮೇಲೆ ಚಕ್ಕಿನಿಂದ ಬಿಡಿಸಿ ಟ್ಯಾಪ್ ಹಿಡಿಯಲ್ಲಿ ಮುಂದುವರಿಸಬಹುದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನಾಲ್ಕೈದು ಸುತ್ತಿಗೊಮ್ಮೆ ಹೊರತೆಗೆದು ಚೂರು ಒರೆಸಿ, ಮತ್ತೆ ಸೀಮೆಎಣ್ಣೆ. ಬಿಗಿ ಜಾಸ್ತಿಯಾಯಿತೆಂದು ಅನ್ನಿಸಿದರೆ ಬಲ ಹಾಕದೆ ಹಿಂದಕ್ಕೆ ತಿರುಗಿಸಿ.

6. ತೊಳೆಯಿರಿ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಗಾಳಿ ಊದಿ, ಬಿಳಿ ಬಟ್ಟೆ ತೂರಿಸಿ ನೋಡಿ. ಬಟ್ಟೆಗೆ ಎಣ್ಣೆ ಹತ್ತಿದರೆ ಇನ್ನೊಮ್ಮೆ. ಎಣ್ಣೆಯ ಮೇಲೆ ಲಾಕರ್ ಹಿಡಿಯುವುದಿಲ್ಲ.

7. ಬುಷ್ ಕೂರಿಸಿ. ಹೊರ ಥ್ರೆಡ್ಡಿಗೆ ಮಾತ್ರ ಎರಡು ಹನಿ ಲಾಕರ್. ಮಾಮೂಲಿ ಲಾಕರ್ 150 ಡಿಗ್ರಿ ಆಸುಪಾಸಿನಲ್ಲೇ ಹಿಡಿತ ಬಿಡುವುದರಿಂದ, 230 ಡಿಗ್ರಿವರೆಗೆ ತಡೆಯುವ ದರ್ಜೆಯದ್ದೇ ಬೇಕು. ಬುಷ್‌ನ ಅಂಚು ತಳ ಮುಟ್ಟುವವರೆಗೆ ತಿರುಗಿಸಿ. ಕೆಲವು ಕಿಟ್‌ಗಳಲ್ಲಿ ಕೂರಿಸುವ ಸಾಧನ ಬುಷ್‌ನ ಕೊನೆಯ ಥ್ರೆಡ್‌ಗಳನ್ನು ಹೊರಕ್ಕೆ ಒತ್ತಿ ಹೆಡ್ಡಿಗೆ ಕಚ್ಚಿಸುತ್ತದೆ. ಅದಕ್ಕೆ ಎಣ್ಣೆ ಸವರಿರಬೇಕು. ಸಾಧನ ಒಮ್ಮೆ ಬಿಗಿಯಾಗಿ, ಮತ್ತೆ ಸಡಿಲವಾದರೆ ಕೆಲಸ ಆಯಿತೆಂದು ಅರ್ಥ. ಅರ್ಧಕ್ಕೆ ಬಿಡಬೇಡಿ.

8. ಒಳಗಡೆ ನೋಡಿ. ಹೆಡ್ಡನ್ನು ತಿರುವಿ ಉರಿಯುವ ಕೋಣೆಯ ಕಡೆಯಿಂದ ಬುಷ್‌ನ ತುದಿ ನೋಡಿ. ಹೊರಗೆ ಚಾಚಿದ್ದರೆ ಅರದಲ್ಲಿ ತೀಡಿ ಸಮಮಟ್ಟಕ್ಕೆ ತನ್ನಿ. ಚಾಚಿಕೊಂಡ ಚೂಪಾದ ಲೋಹದ ಅಂಚು ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಪ್ಲಗ್ ಹಾಕಿದಾಗ ಅದರ ಕೊನೆ ಥ್ರೆಡ್ಡೂ ಕೋಣೆಯ ಗೋಡೆಯ ಸಮಕ್ಕೆ ನಿಲ್ಲಬೇಕು.

9. ಪರೀಕ್ಷಿಸಿ. ಲಾಕರ್ 24 ಗಂಟೆ ಒಣಗಲಿ. ನಂತರ ಪ್ಲಗ್ ಬಿಗಿದು, ಹೆಡ್ಡನ್ನು ಮಗುಚಿಟ್ಟು, ಕೋಣೆಗೆ ಸೀಮೆಎಣ್ಣೆ ತುಂಬಿಸಿ ಹದಿನೈದು ನಿಮಿಷ ಬಿಡಿ. ಪ್ಲಗ್ ಬುಡದಲ್ಲಿ ಒದ್ದೆಯಾದರೆ ಬುಷ್ ಕೂತಿಲ್ಲ ಅಥವಾ ವಾಷರ್ ಓರೆಯಾಗಿದೆ. ವಾಲ್ವ್ ಕಡೆಯಿಂದ ಜಿನುಗಿದರೆ ಅದು ಬೇರೆ ಕೆಲಸ. ಹೆಡ್ ಕೈಯಲ್ಲಿರುವಾಗಲೇ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿ ಮುಗಿಸಿಬಿಡಿ.

ಹೆಡ್ ಕೂರಿಸುವಾಗ ಬಿಗಿಯುವುದು ಮಧ್ಯದಿಂದ ಅಂಚಿಗೆ, ಮೂರು ಹಂತದಲ್ಲಿ. ಟಾರ್ಕ್ ಎಷ್ಟು ಎಂಬುದನ್ನು ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಹಳೆ ಮ್ಯಾನ್ಯುಯಲ್ ಕೆಜಿ ಮೀಟರ್ ಲೆಕ್ಕ ಕೊಟ್ಟಿದ್ದರೆ 9.81ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ, ಪೌಂಡ್ ಅಡಿಯಾದರೆ 1.356ರಿಂದ.

ಹೆಡ್ ಬಿಚ್ಚಲು ಆಗುವುದೇ ಇಲ್ಲವೆಂದರೆ

ಆಗ ಮುಂಭಾಗದಲ್ಲಿ ಸಣ್ಣ ಥ್ರೆಡ್, ಹಿಂದೆ ದೊಡ್ಡ ಥ್ರೆಡ್ ಇರುವ ಜೋಡಿ ಟ್ಯಾಪ್ ಬಳಸಿ. ಅದರ ಸಣ್ಣ ಭಾಗ ಹಳೆ ತೂತನ್ನೇ ದಾರಿ ಮಾಡಿಕೊಳ್ಳುವುದರಿಂದ ನೇರವಾಗಿ ಇಳಿಯುತ್ತದೆ. ಪಿಸ್ಟನ್ ಮೇಲಿನ ತುದಿಯಲ್ಲಿದ್ದರೆ ಟ್ಯಾಪ್ ಅದಕ್ಕೆ ಬಡಿಯಬಹುದು, ಕೆಳಗಿಳಿಸಿಟ್ಟುಕೊಳ್ಳಿ. ಟ್ಯಾಪಿನ ಕಾಲುವೆಗಳಿಗೆ ಗಟ್ಟಿ ಗ್ರೀಸ್ ಮೆತ್ತಿ. ಚೂರುಗಳು ಗ್ರೀಸಿಗೆ ಅಂಟುತ್ತವೆ. ಎರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ, ಹೊಸ ಗ್ರೀಸ್ ಹಚ್ಚಿ. ಬೇಸರ ಬರುತ್ತದೆ, ಬಿಡಬೇಡಿ.

ಕೊರೆದಾದ ಮೇಲೆ ಎಂಜಿನ್ ತಿರುಗಿಸಿ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಗೆ ತನ್ನಿ, ತೂತಿನಿಂದ ಗಾಳಿ ಊದಿ. ಉಳಿದ ಚೂರು ಎಕ್ಸಾಸ್ಟ್ ಕಡೆ ಹೋಗುತ್ತದೆ. ನಂತರ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ತೆಳು ಪೈಪ್ ಸೇರಿಸಿ ಒಳಗೆಲ್ಲ ಆಡಿಸಿ. ಮ್ಯಾಗ್ನೆಟ್ ಇಲ್ಲಿ ದಂಡ, ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ. ಫೋನಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ ಈಗ ಅಗ್ಗವಾಗಿ ಸಿಗುತ್ತದೆ, ಅದರಲ್ಲಿ ಪಿಸ್ಟನ್ ತಲೆ ನೋಡಿ. ಬುಷ್ ಕೂರಿಸುವ ಮುನ್ನ ನಾಲ್ಕೂ ಪ್ಲಗ್ ತೆಗೆದಿಟ್ಟು ಸೆಲ್ಫ್‌ನಲ್ಲಿ ಕೆಲವು ಸುತ್ತು ತಿರುಗಿಸಿದರೆ ಅಡಗಿದ್ದ ಚೂರು ಹೊರಗೆ ಹಾರುತ್ತದೆ. ಆ ಹೊತ್ತಿಗೆ ಮುಖ ಆ ಕಡೆ ಇಡಬೇಡಿ, ಕಾಯಿಲ್ ತಂತಿ ಕಳಚಿರಲಿ.

ಹೊಸ ಥ್ರೆಡ್ಡಿಗೆ ಪ್ಲಗ್ ಹಾಕುವ ರೀತಿ

ಪ್ಲಗ್ಗಿನ ಮೇಲ್ತುದಿಗೆ ಒಂದು ಗೇಣು ಪೆಟ್ರೋಲ್ ಪೈಪ್ ಸಿಕ್ಕಿಸಿ, ಆ ಪೈಪ್ ಹಿಡಿದು ತಿರುಗಿಸಿ. ಥ್ರೆಡ್ ಓರೆ ಹಿಡಿದರೆ ರಬ್ಬರ್ ಜಾರುತ್ತದೆ, ಲೋಹಕ್ಕೆ ಏಟು ಬೀಳುವುದಿಲ್ಲ. ಮೊದಲು ಹಿಮ್ಮುಖವಾಗಿ ತಿರುಗಿಸಿ, ಥ್ರೆಡ್ಡಿಗೆ ಥ್ರೆಡ್ ಇಳಿದ ಸಣ್ಣ ಟಿಕ್ ಸಿಕ್ಕ ಮೇಲೆ ಮುಂದಕ್ಕೆ. ಟಾರ್ಕ್ ರೆಂಚ್ ಇಲ್ಲದಿದ್ದರೆ: ಹೊಸ ಪ್ಲಗ್ ಕೈಬಿಗಿಯ ನಂತರ ಅರ್ಧ ಸುತ್ತು. ವಾಷರ್ ಆಗಲೇ ಚಪ್ಪಟೆಯಾದ ಹಳೆ ಪ್ಲಗ್ಗಾದರೆ ಗಡಿಯಾರದ ಸಣ್ಣ ಮುಳ್ಳು ಒಂದು ಗಂಟೆಯಲ್ಲಿ ಚಲಿಸುವಷ್ಟು ಮಾತ್ರ. ಥ್ರೆಡ್ಡಿಗೆ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚುವವರು ಟಾರ್ಕನ್ನು ಮೂರನೇ ಒಂದು ಪಾಲಿನಷ್ಟು ಇಳಿಸಬೇಕು. ಜಾರುವ ಥ್ರೆಡ್ಡಿನಲ್ಲಿ ಅದೇ ಟಾರ್ಕ್ ಹೆಚ್ಚು ಎಳೆತ ಹುಟ್ಟಿಸುತ್ತದೆ.

ಸಣ್ಣ ತೂತುಗಳಿಗೆ ಸುರುಳಿ

ಥರ್ಮೋಸ್ಟಾಟ್ ಹೌಸಿಂಗ್‌ನ 8 ಮಿಮೀ ಸ್ಟಡ್ಡು (ತಲೆಯಿಲ್ಲದ ಬೋಲ್ಟ್) ಕೆಡುವುದು ಬಹುಪಾಲು ತುಕ್ಕಿನಿಂದ. ಕೂಲಂಟ್ ಇಲ್ಲದೆ ಬರೀ ಕೊಳಾಯಿ ನೀರು ತುಂಬಿಸಿದಾಗ ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ಬಿಳಿ ಪುಡಿ ಕಟ್ಟಿ, ಸ್ಟಡ್ ಬಿಚ್ಚುವಾಗ ಥ್ರೆಡ್ ಸಮೇತ ಬರುತ್ತದೆ.

8 × 1.25ರ ಸುರುಳಿಗೆ ಡ್ರಿಲ್ 8.3 ಅಥವಾ 8.4 ಮಿಮೀ. 6 × 1.0ಕ್ಕೆ 6.3 ಮಿಮೀ. 10 × 1.5ಕ್ಕೆ 10.4 ಅಥವಾ 10.5, 10 × 1.25ಕ್ಕೆ 10.3 ಅಥವಾ 10.4. ಪಿಚ್ಚನ್ನು ಗೇಜ್ ಇಟ್ಟೇ ತಿಳಿಯಿರಿ, ಬೋಲ್ಟಿನ ದಪ್ಪ ನೋಡಿ ಊಹಿಸಬೇಡಿ. ಟ್ಯಾಪ್ ಸುರುಳಿ ಕಿಟ್‌ನದ್ದೇ ಆಗಬೇಕು. ಅದು ಮಾಮೂಲಿ ಟ್ಯಾಪಿಗಿಂತ ದೊಡ್ಡದು: 8 × 1.25ರ ಕಿಟ್ ಟ್ಯಾಪಿನ ಹೊರ ಅಳತೆ ಸುಮಾರು 9.6 ಮಿಮೀ. ತೂತಿನ ಸುತ್ತ ಅಷ್ಟು ಮಾಂಸ ಇದೆಯೇ ಎಂದು ಮೊದಲು ನೋಡಿ.

ಅಲ್ಯೂಮಿನಿಯಂನಲ್ಲಿ ಸುರುಳಿಯ ಉದ್ದ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು, ಜಾಗವಿದ್ದರೆ ಎರಡು ಪಟ್ಟು. 8 ಮಿಮೀ ಬೋಲ್ಟಿಗೆ 12ರಿಂದ 16 ಮಿಮೀ. ಡ್ರಿಲ್ಲಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಹಿಂದೆ ನೀರಿನ ಕೋಣೆ ಇದ್ದು ತೂರಿ ಹೋದರೆ ಸೋರಿಕೆ ಶುರು. ಮೂಲದಲ್ಲೇ ನೀರಿಗೆ ತೆರೆದ ತೂತಾದರೆ ಸುರುಳಿ ಬೇಡ, ತಂತಿಯ ಸಂದಿಯಲ್ಲೇ ನೀರು ಹತ್ತಿ ಬರುತ್ತದೆ. ಅಲ್ಲಿ ಸೀಲಂಟ್ ಹಚ್ಚಿದ ಗಟ್ಟಿ ಬುಷ್.

ಸುರುಳಿಯನ್ನು ಸಾಧನಕ್ಕೆ ಸಿಕ್ಕಿಸಿ, ಒತ್ತದೆ, ತಿರುಗಿಸುವುದರಿಂದಲೇ ಇಳಿಸಿ. ಒತ್ತಿದರೆ ಒಂದು ಥ್ರೆಡ್ ಹಾರಿ ಸುರುಳಿ ಅಡ್ಡ ಕೂರುತ್ತದೆ. ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ನಿಲ್ಲಿಸಿ. ಆಮೇಲೆ ತಳದ ಅಡ್ಡ ಕಡ್ಡಿಯನ್ನು ಪಂಚ್ ಇಟ್ಟು ಒಂದೇ ಚುರುಕು ಏಟಿಗೆ ಮುರಿಯಿರಿ. ಹಿಂದಕ್ಕೆ ತಿರುಗಿಸಿ ಮುರಿಯಲು ಹೋದರೆ ಇಡೀ ಸುರುಳಿ ಎದ್ದು ಬರುತ್ತದೆ. ಮುರಿದ ಕಡ್ಡಿಗಳನ್ನು ಎಣಿಸಿ ಒಂದು ಬಟ್ಟಲಲ್ಲಿ ಹಾಕಿ: ನಾಲ್ಕು ಸುರುಳಿಗೆ ನಾಲ್ಕು ಕಡ್ಡಿ. ಸ್ಟೇನ್‌ಲೆಸ್ ಆದ್ದರಿಂದ ಮ್ಯಾಗ್ನೆಟ್ಟಿಗೆ ಸರಿಯಾಗಿ ಹಿಡಿಯವು, ಮೂರೇ ಸಿಕ್ಕರೆ ನಾಲ್ಕನೆಯದನ್ನು ಹುಡುಕದೆ ಏಳಬೇಡಿ.

ಅಲ್ಯೂಮಿನಿಯಂಗೆ 6 ಮಿಮೀ ಬೋಲ್ಟ್ 8ರಿಂದ 10 ನ್ಯೂಟನ್ ಮೀಟರ್, 8 ಮಿಮೀ ಬೋಲ್ಟ್ 20ರ ಆಸುಪಾಸು, ಅಷ್ಟಕ್ಕೇ ನಿಲ್ಲಿಸಿ. ರಾಕರ್ ಕವರ್‌ನಂಥ ಕಡೆ ಕಾರ್ಕ್ ಗ್ಯಾಸ್ಕೆಟ್ ಇದ್ದರೆ ಅದಕ್ಕಿಂತಲೂ ತೀರಾ ಕಡಿಮೆ.

ಅಂಬಾಸಡರ್: ಇಂಚು, ಮಿಲಿಮೀಟರ್ ಗಲಾಟೆ

1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ವಿನ್ಯಾಸ, ಥ್ರೆಡ್ ಇಂಚಿನ ಲೆಕ್ಕದ್ದು. 1990ರ ದಶಕದಲ್ಲಿ ಬಂದ 1800 ಸಿಸಿ ಇಸುಜು ಎಂಜಿನ್ ಮೆಟ್ರಿಕ್. ಹೊರಗಿನಿಂದ ನೋಡಿದರೆ ಎರಡೂ ಅದೇ ಅಂಬಾಸಡರ್! ಬಾನೆಟ್ ಎತ್ತಿ ಎಂಜಿನ್ ಯಾವುದೆಂದು ನೋಡದೆ ಬೋಲ್ಟ್ ಡಬ್ಬಿಗೆ ಕೈ ಹಾಕಿದರೆ ಥ್ರೆಡ್ ಹೋಗುವುದು ಖಂಡಿತ.

5/16 ಇಂಚು ಅಂದರೆ 7.94 ಮಿಮೀ. 8 ಮಿಮೀ ಬೋಲ್ಟ್ ಕೈಗೆ ಅಷ್ಟೇ ದಪ್ಪ ಕಾಣುತ್ತದೆ. ಆದರೆ 5/16ರ ಒರಟು ಥ್ರೆಡ್ಡಿನಲ್ಲಿ ಇಂಚಿಗೆ 18 ಸುತ್ತು, ಅಂದರೆ ಪಿಚ್ 1.41 ಮಿಮೀ. ನಯ ಥ್ರೆಡ್ಡಿನಲ್ಲಿ 24 ಸುತ್ತು, ಪಿಚ್ 1.06 ಮಿಮೀ. 8 ಮಿಮೀ ಬೋಲ್ಟಿನದು 1.25. ಒಂದೆರಡು ಸುತ್ತು ಏರಿ ಬಿಗಿಯುತ್ತದೆ, ಅಲ್ಲಿಂದ ಪಾನಾ ಹಾಕಿದರೆ ಬೋಲ್ಟೇ ಟ್ಯಾಪಿನಂತೆ ಕೊರೆದುಕೊಂಡು ಹೋಗುತ್ತದೆ. ಕೈಯಲ್ಲಿ ನಾಲ್ಕು ಸುತ್ತು ಏರದ ಬೋಲ್ಟ್ ಆ ತೂತಿನದಲ್ಲ ಎಂದು ತಿಳಿಯಿರಿ.

ಎರಕದ ಕಬ್ಬಿಣಕ್ಕೆ ಟ್ಯಾಪ್ ಹಾಕುವಾಗ ಎಣ್ಣೆ ಬೇಡ. ಕಬ್ಬಿಣದ ಪುಡಿ ಎಣ್ಣೆಯೊಡನೆ ಕಲೆತು ಕೆಸರಾಗಿ ಟ್ಯಾಪ್ ಕಚ್ಚಿಕೊಳ್ಳುತ್ತದೆ. ಒಣಗಿಯೇ ಕೊರೆದು ಗಾಳಿ ಊದಿ. ಬ್ಲಾಕಿನ ಹೆಡ್ ಸ್ಟಡ್ ತೂತಿನ ಬಾಯಿ ಎಳೆತಕ್ಕೆ ಉಬ್ಬಿರುತ್ತದೆ, ಆ ಉಬ್ಬನ್ನು ತೀಡಿ ಬಾಯಿಗೆ ಸಣ್ಣ ಓರೆ ಕೊಡದಿದ್ದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದು ಮೇಲೆ ಸ್ಟಡ್ ಬಿಗಿದರೆ ದ್ರವಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಸೀಳಬಹುದು. ಬತ್ತಿ ಇಳಿಸಿಯಾದರೂ ತೂತು ಒಣಗಿಸಿ. ಸ್ಟಡ್ಡನ್ನು ಬ್ಲಾಕಿಗೆ ಕೈಬಿಗಿ ಏರಿಸಿದರೆ ಸಾಕು, ಬಿಗಿ ಬರಬೇಕಾದದ್ದು ಮೇಲಿನ ನಟ್ಟಿನಿಂದ.

ಕೈ ತಪ್ಪಿದಾಗ

ಟ್ಯಾಪ್ ಒಳಗೇ ಮುರಿದರೆ ಅದರ ಮೇಲೆ ಡ್ರಿಲ್ ಹಾಕಬೇಡಿ. ಟ್ಯಾಪ್ ಡ್ರಿಲ್ಲಿನಷ್ಟೇ ಗಡಸು, ಡ್ರಿಲ್ ಪಕ್ಕಕ್ಕೆ ಜಾರಿ ಮೆದು ಅಲ್ಯೂಮಿನಿಯಂ ತಿನ್ನುತ್ತದೆ. ಸ್ಪಾರ್ಕ್ ಎರೋಷನ್ ಮಷಿನ್ ಇರುವ ಕಡೆ ಹೆಡ್ ಕೊಟ್ಟರೆ ಟ್ಯಾಪ್ ಮಾತ್ರ ಕರಗಿಸಿ ತೆಗೆಯುತ್ತಾರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅಂಥ ಅಂಗಡಿಗಳಿವೆ. ಸ್ಟಡ್ ತೆಗೆಯಲು ಹೋಗಿ ಮುರಿದ ಈಜಿ-ಔಟ್‌ಗೂ ಇದೇ ಮದ್ದು. ಸ್ಟಡ್ಡಿನ ತುಣುಕು ಸ್ವಲ್ಪವಾದರೂ ಮೇಲೆ ಕಾಣುತ್ತಿದ್ದರೆ ಈಜಿ-ಔಟ್ ಗೋಜಿಗೇ ಹೋಗದೆ ಅದಕ್ಕೊಂದು ನಟ್ ವೆಲ್ಡ್ ಮಾಡಿಸಿ. ವೆಲ್ಡಿಂಗ್ ಬಿಸಿಗೆ ತುಕ್ಕಿನ ಹಿಡಿತ ಸಡಿಲಾಗಿ ಹೆಚ್ಚಿನವು ಬಿಚ್ಚಿಕೊಳ್ಳುತ್ತವೆ.

ತೂತು ಓರೆ ಹೋಗಿ ಬುಷ್ ಒಂದು ಕಡೆ ಎದ್ದು ನಿಂತರೆ, ಅಥವಾ ತೂತಿಗೂ ವಾಲ್ವ್ ಸೀಟಿಗೂ ನಡುವೆ ಬಿರುಕು ಕಂಡರೆ, ಇನ್ನೂ ದೊಡ್ಡ ಬುಷ್ ಹುಡುಕಬೇಡಿ. ಟಿಗ್ ವೆಲ್ಡಿಂಗ್‌ನಲ್ಲಿ ತೂತು ಮುಚ್ಚಿಸಿ, ಹೊಸದಾಗಿ ಕೊರೆದು 14 × 1.25 ಟ್ಯಾಪ್ ಹಾಕಿಸಬೇಕು. ಆ ಬಿಸಿಗೆ ಹೆಡ್ಡಿನ ಮುಖ ಬಾಗುತ್ತದೆ, ವಾಲ್ವ್ ಸೀಟ್ ಸಡಿಲವಾಗುವ ಸಂಭವವೂ ಇದೆ. ಆದ್ದರಿಂದ ಫೇಸಿಂಗ್, ಸೀಟ್ ಕಟಿಂಗ್, ನೀರಿನ ಒತ್ತಡದ ಪರೀಕ್ಷೆ ಮೂರನ್ನೂ ಸೇರಿಸಿಯೇ ದರ ಕೇಳಿ. ಒಪ್ಪುವ ಮೊದಲು ಗುಜರಿಯಲ್ಲಿ ಸುಸ್ಥಿತಿಯ ಹೆಡ್ ಸಿಗುತ್ತದೆಯೇ ಎಂದೂ ವಿಚಾರಿಸಿ. ಸಿಕ್ಕರೆ ನಾಲ್ಕೂ ಪ್ಲಗ್ ತೂತಿಗೆ ಹೊಸ ಪ್ಲಗ್ಗನ್ನು ಕೈಯಲ್ಲಿ ಏರಿಸಿ ನೋಡಿಯೇ ದುಡ್ಡು ಕೊಡಿ.